ಸಹಾಯ ಬೇಕು: ಸೆನ್ಸೆಕ್ಸ್ ಗ್ರಾಫ್ ಅಪ್ಪನಿಗೆ ಹೇಗೆ ತೋರಿಸಲಿ?

ನಮಸ್ಕಾರ, ನಮ್ಮದು ದಾವಣಗೆರೆ. ಅಪ್ಪ ಎಪಿಎಂಸಿಯಲ್ಲಿ ಮೆಕ್ಕೆಜೋಳದ ವ್ಯಾಪಾರ ಮಾಡುತ್ತಾರೆ. ಅವರಿಗೂ ಅವರ ಸ್ನೇಹಿತರಿಗೂ ಭಾನುವಾರ ಷೇರು ಮಾರುಕಟ್ಟೆ ಬಗ್ಗೆ ಹೇಳೋಣ ಅಂತ ಎಕ್ಸೆಲ್‌ನಲ್ಲಿ ಸೆನ್ಸೆಕ್ಸ್ ಗ್ರಾಫ್ ಮಾಡಲು ಹೋಗಿ ಸಿಕ್ಕಿಹಾಕಿಕೊಂಡಿದ್ದೇನೆ.

2008ರಲ್ಲಿ ಸೂಚ್ಯಂಕ 21 ಸಾವಿರದಿಂದ 8 ಸಾವಿರದ ಹತ್ತಿರಕ್ಕೆ ಬಿತ್ತು. 2020ರಲ್ಲಿ 42 ಸಾವಿರದಿಂದ 26 ಸಾವಿರದ ಹತ್ತಿರಕ್ಕೆ. ಶೇಕಡಾ ಲೆಕ್ಕದಲ್ಲಿ 2008ರದ್ದೇ ಜಾಸ್ತಿ ಹೊಡೆತ, ಅಲ್ವಾ? ಆದರೆ ಮಾಮೂಲಿ ಗ್ರಾಫ್‌ನಲ್ಲಿ ಕೊರೊನಾ ಕಾಲದ ಗುಂಡಿಯೇ ಆಳವಾಗಿ ಕಾಣುತ್ತದೆ. 1990ರಲ್ಲಿ 1,000 ದಾಟಿದ್ದಂತೂ ನೆಲಕ್ಕೆ ಅಂಟಿಕೊಂಡಿದೆ.

ಲಾಗ್ ಸ್ಕೇಲ್ (ಒಂದೇ ಶೇಕಡಾ ಏರಿಳಿತ ಎಲ್ಲಿದ್ದರೂ ಒಂದೇ ಎತ್ತರದಲ್ಲಿ ಕಾಣುವ ಅಳತೆ) ಹಾಕಿದೆ, ಸರಿಹೋಯಿತು. ಅಪ್ಪ ಪಕ್ಕದ 100, 1,000, 10,000 ನೋಡಿ, "ಏನಪ್ಪಾ ಇದು, ತಕ್ಕಡಿ ಕಲ್ಲೇ ಬದಲಾಯಿಸಿಬಿಟ್ಟಿದ್ದೀಯಲ್ಲ!" ಅಂದರು. ಒಂದೊಂದು ಗೆರೆಗೂ ಹತ್ತು ಪಟ್ಟು ಅಂತ ಹೇಳಿದೆ, ಕ್ವಿಂಟಾಲ್ ರೇಟಿನ ಉದಾಹರಣೆ ಕೊಟ್ಟೆ, ವರ್ಷವಾರು ಶೇಕಡಾ ಏರಿಳಿತದ ಕಂಬಗಳನ್ನೂ ತೋರಿಸಿದೆ. ಚಹಾ ಕುಡಿಯುತ್ತಾ ಸುಮ್ನೆ ತಲೆಯಾಡಿಸಿದರು. ನನ್ನ ಸಮಾಧಾನಕ್ಕೆ ಅಷ್ಟೇ.

ಲಾಗ್ ಸ್ಕೇಲನ್ನೇ ಇಟ್ಟುಕೊಂಡು ಇಂಥವರಿಗೆ ಅರ್ಥವಾಗುವ ಹಾಗೆ ಹೇಳುವ ದಾರಿ ಇದೆಯಾ? ಇಲ್ಲ, ಅದನ್ನು ಬಿಟ್ಟು ಎರಡೂ ಕುಸಿತಗಳನ್ನು, ಬೀಳುವ ಮುಂಚಿನ ಮಟ್ಟವನ್ನು 100 ಅಂತ ಇಟ್ಟುಕೊಂಡು, ಅಕ್ಕಪಕ್ಕ ಇಡಲಾ? ನೀವಾಗಿದ್ದರೆ ಯಾವುದನ್ನು ತೋರಿಸುತ್ತಿದ್ದಿರಿ?