ಮಹಾಮಾರಿ ಇರುವಾಗ ಹಾಕಿ ಸೀಸನ್ ನಡೆಸಬಹುದಾ? ಮಗಳ ಡಿಬೇಟ್‌ಗೆ ಒಂದಿಷ್ಟು ಸರಕು

ಹೋದ ವರ್ಷ ಕೆನಡಾದ ಕ್ಯಾಲ್ಗರಿಗೆ ಬಂದ ಗೆಳತಿಯೊಬ್ಬರು ಗುಂಪಿನಲ್ಲಿ ಕೇಳಿದ್ದಾರೆ. ಮಗಳ ಕ್ಲಾಸಿನಲ್ಲಿ ಡಿಬೇಟ್ ಇದೆಯಂತೆ. ವಿಷಯ: ಮಹಾಮಾರಿ ಹರಡುತ್ತಿರುವಾಗ ವೃತ್ತಿಪರ ಹಾಕಿ (ಇಲ್ಲಿ ಹಾಕಿ ಅಂದರೆ ಐಸ್ ಹಾಕಿ) ಸೀಸನ್ ನಡೆಸಬಹುದೇ? ಪರವೋ ವಿರೋಧವೋ ಅಂತ ಟೀಚರ್ ಕೊನೆಗೆ ಹೇಳುತ್ತಾರಂತೆ, ಹಾಗಾಗಿ ಎರಡೂ ಕಡೆ ತಯಾರಿ ಬೇಕು. "ನಮಗೆ ಕ್ರಿಕೆಟ್ ಬಿಟ್ಟು ಬೇರೇನೂ ಗೊತ್ತಿಲ್ಲ, ಆಗ ನಾವು ಇಲ್ಲಿ ಇರಲೂ ಇಲ್ಲ" ಅಂತ ಬರೆದಿದ್ದಾರೆ. ಅದರ ಕೆಳಗೆ ಶುರುವಾದ ಜಗಳ ನೋಡಿದೆ. ಅರ್ಧ ಜನ ದುಡ್ಡಿನಾಸೆ ಅಂತೀರಿ, ಅರ್ಧ ಜನ ಜನರಿಗೆ ಮನರಂಜನೆ ಬೇಕಿತ್ತು ಅಂತೀರಿ. ಕೋವಿಡ್‌ನ ಆ ಎರಡು ವರ್ಷ ನಾನು ಅದೇ ಆಲ್ಬರ್ಟಾ ಪ್ರಾಂತ್ಯದ ಎಡ್ಮಂಟನ್‌ನಲ್ಲೇ ಇದ್ದೆ. ಈ ಕಥೆಯ ದೊಡ್ಡ ಭಾಗ ನಡೆದದ್ದು ಇದೇ ಊರಿನಲ್ಲಿ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

2020ರ ಮಾರ್ಚ್ 11ರಂದು ಬಾಸ್ಕೆಟ್‌ಬಾಲ್‌ನ ಎನ್‌ಬಿಎ ಆಟ ನಿಲ್ಲಿಸಿತು. ಮಾರನೇ ದಿನ ಅಮೆರಿಕ, ಕೆನಡಾದ ವೃತ್ತಿಪರ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್ ಕೂಡ ನಿಲ್ಲಿಸಿತು. ಲೀಗ್ ಹಂತದ 189 ಪಂದ್ಯಗಳು ಬಾಕಿ ಇದ್ದವು, ಅವು ಮುಂದೆ ನಡೆಯಲೇ ಇಲ್ಲ. ಮೇ ಕೊನೆಗೆ ಲೀಗ್‌ನ ಕಮಿಷನರ್ ಗ್ಯಾರಿ ಬೆಟ್‌ಮನ್ ಹೊಸ ಯೋಜನೆ ತಂದರು. 24 ತಂಡಗಳು, ಎರಡೇ ಊರುಗಳು, ನೇರ ಪ್ಲೇಆಫ್. ಮೊದಲು ಲಾಸ್ ವೇಗಸ್ ಹೆಸರು ಜೋರಾಗಿ ಕೇಳಿಬರುತ್ತಿತ್ತು. ಅಲ್ಲಿ ಕೇಸುಗಳು ಏರಿದವು. ವ್ಯಾಂಕೂವರ್ ಹೆಸರೂ ಬಂದು ಹೋಯಿತು, ಆಟಗಾರರಿಗೆ ಸೋಂಕು ಬಂದರೆ ಏನು ಮಾಡಬೇಕು ಅನ್ನುವುದರಲ್ಲಿ ಅಲ್ಲಿನ ಆರೋಗ್ಯ ಅಧಿಕಾರಿಗಳಿಗೂ ಲೀಗ್‌ಗೂ ಹೊಂದಾಣಿಕೆ ಆಗಲಿಲ್ಲ. ಕೊನೆಗೆ ಪೂರ್ವದ ತಂಡಗಳಿಗೆ ಟೊರಾಂಟೊ, ಪಶ್ಚಿಮದವರಿಗೆ ಎಡ್ಮಂಟನ್.

ಹೊರಗಿನವರ ಸಂಪರ್ಕವೇ ಇಲ್ಲದ ಈ ವ್ಯವಸ್ಥೆಗೆ ಬಬಲ್ ಅಂದರು. ನಿಜವಾದ ಬೇಲಿಯೇ. ಎಡ್ಮಂಟನ್ ಡೌನ್‌ಟೌನ್‌ನಲ್ಲಿ ರೋಜರ್ಸ್ ಪ್ಲೇಸ್ ಅರೀನಾ ಮತ್ತು ಪಕ್ಕದ ಹೋಟೆಲುಗಳನ್ನು ಸುತ್ತುಗಟ್ಟಿ, ಒಳಗಿದ್ದವರು ಹೊರಗೆ ಬರುವ ಹಾಗಿಲ್ಲ, ಹೊರಗಿನವರು ಒಳಗೆ ಹೋಗುವ ಹಾಗಿಲ್ಲ. ಒಂದು ತಂಡಕ್ಕೆ ಹೆಚ್ಚೆಂದರೆ 52 ಜನ. ದಿನಾ ಪರೀಕ್ಷೆ. ಹೆಂಡತಿ ಮಕ್ಕಳು ಇಲ್ಲ. ಆಗಸ್ಟ್ 1ಕ್ಕೆ ಶುರುವಾದದ್ದು ಸೆಪ್ಟೆಂಬರ್ 28ಕ್ಕೆ ಮುಗಿಯಿತು. ಟ್ಯಾಂಪಾ ಬೇ ಲೈಟ್ನಿಂಗ್ ತಂಡ ಡಲ್ಲಾಸ್ ಸ್ಟಾರ್ಸ್ ತಂಡವನ್ನು ಸೋಲಿಸಿ ಲೀಗ್‌ನ ಟ್ರೋಫಿಯಾದ ಸ್ಟ್ಯಾನ್ಲಿ ಕಪ್ ಗೆದ್ದಿತು, ಅದೂ ಎಡ್ಮಂಟನ್‌ನಲ್ಲಿ, ಒಬ್ಬನೇ ಒಬ್ಬ ಪ್ರೇಕ್ಷಕ ಇಲ್ಲದೆ. ಒಟ್ಟು 33,174 ಪರೀಕ್ಷೆಗಳು, ಪಾಸಿಟಿವ್ ಸೊನ್ನೆ. ಪರ ವಾದಿಸುವವರಿಗೆ ಇದಕ್ಕಿಂತ ದೊಡ್ಡ ಅಸ್ತ್ರ ಬೇಕಿಲ್ಲ. (ನಮ್ಮ ಎಡ್ಮಂಟನ್ ಆಯ್ಲರ್ಸ್ ತಂಡದವರು ಸ್ವಂತ ಊರಿನ ಬಬಲ್‌ನಲ್ಲೇ ಶಿಕಾಗೊ ಕೈಯಲ್ಲಿ ಸೋತು ಮೊದಲ ವಾರದಲ್ಲೇ ಮನೆಗೆ ಹೋದರು. ಕ್ಯಾಲ್ಗರಿಯವರು ನಗಬೇಡಿ.)

ಹೀಗಾಗಿ "ನಡೆಸಬಹುದಾ" ಅನ್ನುವುದಕ್ಕೆ ಉತ್ತರ ಆಗಲೇ ಸಿಕ್ಕಿದೆ. ನಡೆಸಬಹುದು. ಯಾವ ಬೆಲೆಗೆ, ಮತ್ತು ಆ ಬೆಲೆ ಕೊಡುವ ಶಕ್ತಿ ಯಾರಿಗಿದೆ ಅನ್ನುವುದರಲ್ಲೇ ಜಗಳ ಇರುವುದು. ಮಗಳು ಇದನ್ನು ಹಿಡಿದುಕೊಂಡರೆ ಯಾವ ಕಡೆ ನಿಂತರೂ ಗೆಲ್ಲುತ್ತಾಳೆ ಅಂತ ನನ್ನ ಲೆಕ್ಕ.

ಬಬಲ್ ಒಳಗೂ ಎಲ್ಲರೂ ಹೋಗಲಿಲ್ಲ. ಕ್ಯಾಲ್ಗರಿ ತಂಡದ ಟ್ರಾವಿಸ್ ಹ್ಯಾಮೊನಿಕ್ ನಾನು ಬರಲ್ಲ ಅಂದರು. ಅವರ ಮಗಳು ಹಿಂದೆ ಉಸಿರಾಟದ ಸೋಂಕಿನಿಂದ ಆಸ್ಪತ್ರೆಯಲ್ಲಿದ್ದವಳು. ಬಾಸ್ಟನ್ ಗೋಲ್‌ಕೀಪರ್ ಟೂಕ ರಾಸ್ಕ್ ಮನೆಯ ತುರ್ತಿಗೆ ಪ್ಲೇಆಫ್ ಮಧ್ಯದಲ್ಲೇ ಎದ್ದು ಹೋದರು. ಇಬ್ಬರೂ ತಂದೆಯರು. ಮಕ್ಕಳ ಎದುರು ಹೇಳಬೇಕಾದ ಉದಾಹರಣೆಗಳು ಇವೇ ಅನಿಸುತ್ತದೆ.

ಮುಂದಿನ ಸೀಸನ್ ಬೇರೆಯದೇ ಕಥೆ. ಎಂಟು ತಿಂಗಳು ಬಬಲ್‌ನಲ್ಲಿ ಇರಿ ಅಂದರೆ ಯಾವ ಆಟಗಾರ ಒಪ್ಪುತ್ತಾನೆ? ಒಪ್ಪಲಿಲ್ಲ. ಹಾಗಾಗಿ 2021ರ ಜನವರಿ 13ಕ್ಕೆ ಶುರು, 82ರ ಬದಲು 56 ಪಂದ್ಯ, ಅವರವರ ಊರಿನಲ್ಲೇ, ಬಹುತೇಕ ಖಾಲಿ ಅರೀನಾಗಳಲ್ಲಿ. ಅಮೆರಿಕ ಕೆನಡಾ ಗಡಿ ಅನಗತ್ಯ ಪ್ರಯಾಣಕ್ಕೆ ಮುಚ್ಚಿತ್ತಲ್ಲ, ಅದಕ್ಕೆ ಕೆನಡಾದ ಏಳೂ ತಂಡಗಳನ್ನು ಒಂದೇ ಡಿವಿಷನ್‌ಗೆ ಹಾಕಿದರು. ಐದು ಪ್ರಾಂತ್ಯಗಳ ಆರೋಗ್ಯ ಇಲಾಖೆಗಳು ಒಪ್ಪಿಗೆ ಕೊಡಬೇಕಿತ್ತು. ಕ್ಯಾಲಿಫೋರ್ನಿಯಾದ ಸ್ಯಾಂಟಾ ಕ್ಲಾರಾ ಕೌಂಟಿ ಮೈಗೆ ಮೈ ತಾಗುವ ಆಟಗಳನ್ನೇ ನಿಷೇಧಿಸಿತ್ತು. ಸ್ಯಾನ್ ಹೋಸೆ ತಂಡ ಅರಿಝೋನಾಕ್ಕೆ ಹೋಗಿ ತಯಾರಿ ನಡೆಸಿತು.

ದುಡ್ಡಿನಾಸೆ ಅನ್ನುವವರಿಗೆ ಒಂದು ಮಾತು. ಎನ್‌ಎಚ್‌ಎಲ್ ಬೇರೆ ದೊಡ್ಡ ಲೀಗ್‌ಗಳಿಗಿಂತ ಟಿಕೆಟ್ ಹಣದ ಮೇಲೆ ಜಾಸ್ತಿ ನಿಂತಿದೆ. ಪ್ರೇಕ್ಷಕರಿಲ್ಲದೆ ಆಡಿದರೆ ನಷ್ಟ. ಆಡುವುದಕ್ಕಿಂತ ಬಾಗಿಲು ಹಾಕಿದ್ದರೆ ಖರ್ಚು ಕಡಿಮೆ ಆಗುತ್ತಿತ್ತು ಅಂತ ಬೆಟ್‌ಮನ್ ಅವರೇ ಹೇಳಿದ್ದರು. ಹಾಗಂತ ಅದು ಬರೀ ಸೇವೆಯೂ ಅಲ್ಲ. ಟಿವಿ ಒಪ್ಪಂದ, ಜಾಹೀರಾತುದಾರರು, ಒಂದು ವರ್ಷ ಮಾಯವಾದರೆ ಮರೆತುಬಿಡುವ ಪ್ರೇಕ್ಷಕ, ಎಲ್ಲವೂ ಲೆಕ್ಕದಲ್ಲಿತ್ತು. ಆಟಗಾರರೂ ಸಂಬಳದ ಒಂದು ಭಾಗ ಬಿಟ್ಟುಕೊಟ್ಟರು.

ಊರೂರು ಸುತ್ತಿದ ಮೇಲೆ ಏನಾಯಿತು? ಡಲ್ಲಾಸ್ ತಂಡದಲ್ಲಿ 17 ಆಟಗಾರರಿಗೆ ಸೋಂಕು ಬಂದು ಅವರ ಸೀಸನ್ ತಡವಾಗಿ ಶುರುವಾಯಿತು. ಫೆಬ್ರವರಿಯಲ್ಲಿ ನ್ಯೂಜೆರ್ಸಿ, ಬಫಲೊ. ಬಫಲೊ ತಂಡದ ರಾಸ್ಮುಸ್ ರಿಸ್ತೊಲೈನೆನ್, ಆರಡಿ ನಾಲ್ಕು ಇಂಚಿನ ಆಳು, ರಾತ್ರಿ ಮಲಗಿದರೆ ಬೆಳಿಗ್ಗೆ ಏಳುತ್ತೇನೋ ಇಲ್ಲವೋ ಅಂತ ಭಯವಾಗಿತ್ತು ಅಂದರು. ಎಲ್ಲಕ್ಕಿಂತ ಕೆಟ್ಟದ್ದು ವ್ಯಾಂಕೂವರ್. ಮಾರ್ಚ್ ಕೊನೆಗೆ ಶುರುವಾಗಿ 21 ಆಟಗಾರರು, ನಾಲ್ವರು ಸಿಬ್ಬಂದಿ, ಒಟ್ಟು 25 ಜನಕ್ಕೆ ತಗುಲಿತು. ಬ್ರೆಜಿಲ್‌ನಿಂದ ಬಂದ ರೂಪಾಂತರಿ ವೈರಸ್ ಅದು. ಕೆಲವರ ಮನೆಯವರಿಗೂ ಬಂತು. ಎದ್ದು ಕೂತ ಕೂಡಲೇ ಆಡಿ ಅಂತ ಲೀಗ್ ಪಂದ್ಯ ಇಟ್ಟಿತು. ಆ ತಂಡದ ಜೆ. ಟಿ. ಮಿಲ್ಲರ್ ಅದನ್ನು ಬಹಿರಂಗವಾಗಿಯೇ ಟೀಕಿಸಿದರು. ಆಮೇಲೆ ಪಂದ್ಯ ಒಂದೆರಡು ದಿನ ಮುಂದೆ ಹೋಯಿತು.

ನಮ್ಮವರಿಗೆ ಇದು ಅರ್ಥವಾಗುವ ಹಾಗೆ ಹೇಳುವುದಾದರೆ ಐಪಿಎಲ್ ನೆನಪಿಸಿಕೊಳ್ಳಿ. 2020ರಲ್ಲಿ ಎಲ್ಲರನ್ನೂ ಯುಎಇಗೆ ಕರೆದುಕೊಂಡು ಹೋದರು, ಸೀಸನ್ ಪೂರ್ತಿ ಮುಗಿಯಿತು. 2021ರಲ್ಲಿ ಭಾರತದಲ್ಲೇ, ಊರಿಂದ ಊರಿಗೆ ಹಾರಿಸಿದರು. ಮೇ 3ಕ್ಕೆ ಆರ್‌ಸಿಬಿ ಮತ್ತು ಕೋಲ್ಕತ್ತಾ ಪಂದ್ಯ ಮುಂದೂಡಿಕೆ, ಮೇ 4ಕ್ಕೆ ಇಡೀ ಟೂರ್ನಿ ಬಂದ್. ಬೆಂಗಳೂರಿನ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರದಲ್ಲೂ ಹಾಗೆಯೇ. ಭಾರತದ ಹಾಕಿ ತಂಡ (ಮೈದಾನದ ಹಾಕಿ) 2020ರ ಲಾಕ್‌ಡೌನ್ ಉದ್ದಕ್ಕೂ ಅಲ್ಲೇ ಕ್ಯಾಂಪಸ್ ಒಳಗೆ ಇತ್ತು, ಏನೂ ಆಗಲಿಲ್ಲ. ರಜೆಗೆ ಮನೆಗೆ ಹೋಗಿ ಆಗಸ್ಟ್‌ನಲ್ಲಿ ವಾಪಸ್ ಬಂದಾಗ ನಾಯಕ ಮನ್‌ಪ್ರೀತ್ ಸಿಂಗ್ ಸೇರಿ ಆರು ಜನ ಪಾಸಿಟಿವ್. ವೈರಸ್ ಮೈದಾನಕ್ಕಿಂತ ಜಾಸ್ತಿ ಪ್ರಯಾಣದಲ್ಲಿ, ಮನೆಯಲ್ಲಿ, ಡ್ರೆಸ್ಸಿಂಗ್ ರೂಮಿನಲ್ಲಿ ಸಿಗುತ್ತಿತ್ತು. ಅದೇ ತಂಡ ಮುಂದಿನ ವರ್ಷ ಟೋಕಿಯೊದಲ್ಲಿ ಕಂಚು ತಂದದ್ದು ನಿಮಗೆಲ್ಲ ಗೊತ್ತು.

ಆದರೆ ಐಸ್ ಹಾಕಿಗೆ ಇನ್ನೊಂದು ತೊಂದರೆ ಇದೆ. ಆಡುವ ಐಸ್ ಅಂಗಳ, ಅಂದರೆ ರಿಂಕ್, ಒಳಗೆ ತಣ್ಣನೆಯ ಒಣ ಗಾಳಿ. ಸುತ್ತ ಎತ್ತರದ ಪಾರದರ್ಶಕ ಗೋಡೆ, ಐಸ್ ಮೇಲಿನ ಗಾಳಿ ಅಲ್ಲೇ ನಿಲ್ಲುತ್ತದೆ. ಆಟಗಾರರು ಏದುಸಿರು ಬಿಡುತ್ತಿರುತ್ತಾರೆ, ಬೆಂಚ್ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂರುತ್ತಾರೆ. 2020ರ ಜೂನ್‌ನಲ್ಲಿ ಫ್ಲೋರಿಡಾದ ಟ್ಯಾಂಪಾ ಬೇ ಪ್ರದೇಶದಲ್ಲಿ ಸಂಜೆ ಹೊತ್ತು ಮೋಜಿಗೆ ಆಡಿದ ಒಂದು ಪಂದ್ಯ. 22 ಆಟಗಾರರು. ಒಬ್ಬನಿಗೆ ಮಾರನೇ ದಿನ ಜ್ವರದ ಲಕ್ಷಣ. ಐದು ದಿನದೊಳಗೆ ಆಟಗಾರರಲ್ಲಿ 14 ಮಂದಿಗೆ, ಜೊತೆಗೆ ರಿಂಕ್ ಸಿಬ್ಬಂದಿ ಒಬ್ಬರಿಗೆ ಕೋವಿಡ್ ಲಕ್ಷಣಗಳು ಕಾಣಿಸಿಕೊಂಡವು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಇದನ್ನು ವರದಿ ಮಾಡಿತು. ಅದೇ ಊರಿನ ವೃತ್ತಿಪರ ತಂಡ ಆ ವರ್ಷ ಸೊನ್ನೆ ಸೋಂಕಿನ ಬಬಲ್‌ನಲ್ಲಿ ಕಪ್ ಗೆದ್ದಿತು. ಆಟ ಒಂದೇ, ನಿಯಮ ಒಂದೇ. ದಿನಾ ಪರೀಕ್ಷೆ ಮಾಡಿಸುವ ದುಡ್ಡು ಮಾತ್ರ ಒಂದು ಕಡೆ ಇತ್ತು.

ಇಲ್ಲಿಗೆ ಮಕ್ಕಳ ವಿಷಯ ಬರುತ್ತದೆ. ಇದನ್ನು ಆಗ ಇಲ್ಲಿದ್ದ ಅಪ್ಪ ಅಮ್ಮಂದಿರು ಮರೆಯುವುದಿಲ್ಲ.

2020ರ ಡಿಸೆಂಬರ್. ಆಲ್ಬರ್ಟಾದಲ್ಲಿ ಆಸ್ಪತ್ರೆಗಳು ತುಂಬಿದ್ದವು. ಮಕ್ಕಳ ಹಾಕಿ ನವೆಂಬರ್‌ನಲ್ಲೇ ನಿಂತಿತ್ತು. ಡಿಸೆಂಬರ್ 13ರಿಂದ ಒಳಾಂಗಣ ಕ್ರೀಡಾ ಕೇಂದ್ರಗಳೂ ಬಂದ್. ಬೇರೆ ಮನೆಯವರನ್ನು ಮನೆಯೊಳಗೆ ಕರೆಯುವ ಹಾಗಿಲ್ಲ. ಅದೇ ಹೊತ್ತಿಗೆ ರೋಜರ್ಸ್ ಪ್ಲೇಸ್‌ನಲ್ಲಿ ವರ್ಲ್ಡ್ ಜೂನಿಯರ್ಸ್, ಅಂದರೆ ಇಪ್ಪತ್ತರೊಳಗಿನವರ ವಿಶ್ವ ಟೂರ್ನಿ. ಕ್ರಿಸ್‌ಮಸ್ ದಿನ ಶುರು. ಸೋಂಕಿನಿಂದ ಕ್ವಾರಂಟೈನ್‌ನಲ್ಲಿ ಹಲವು ಆಟಗಾರರು ಸಿಕ್ಕಿಬಿದ್ದ ಜರ್ಮನಿ, ಗೋಲ್‌ಕೀಪರ್‌ಗಳನ್ನು ಬಿಟ್ಟರೆ 14 ಜನರನ್ನು ಮಾತ್ರ ಇಳಿಸಿ ಕೆನಡಾ ವಿರುದ್ಧ 16-2ರಿಂದ ಸೋತಿತು. ಅದನ್ನು ನಡೆಸಲೇಬೇಕಿತ್ತಾ ಅಂತ ನನಗೆ ಇವತ್ತಿಗೂ ಅನಿಸುತ್ತದೆ. ನನ್ನ ಮಗ ಟಿವಿ ಮುಂದೆ ಕೂತು, "ಅವರೂ ಮಕ್ಕಳೇ ಅಲ್ವಾ, ಅವರಿಗೆ ಯಾಕೆ ಬಿಟ್ಟಿದ್ದಾರೆ?" ಅಂತ ಕೇಳಿದ. ಹದಿನೆಂಟು ಹತ್ತೊಂಬತ್ತರ ಹುಡುಗರು ಅವರು. ಅವರಿಗೆ ದಿನಾ ಪರೀಕ್ಷೆ ಮಾಡುತ್ತಾರಪ್ಪ ಅಂದೆ. ನಮಗೂ ಮಾಡಲಿ ಅಂದ. ಉತ್ತರ ಇರಲಿಲ್ಲ.

ಆ ಟೂರ್ನಿಯಲ್ಲಿ ಆಸ್ಟ್ರಿಯಾ ತಂಡದ ನಾಯಕ ಮಾರ್ಕೊ ರೊಸ್ಸಿ. ವಯಸ್ಸು 19. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಎನ್‌ಎಚ್‌ಎಲ್ ಡ್ರಾಫ್ಟ್‌ನಲ್ಲಿ ಒಂಬತ್ತನೆಯವನಾಗಿ ಆಯ್ಕೆಯಾದವನು. ನವೆಂಬರ್‌ನಲ್ಲಿ ಕೋವಿಡ್ ಬಂದು ಹೋಗಿತ್ತು. ಎಡ್ಮಂಟನ್‌ನಲ್ಲಿ ಆಡಿದ, ಆದರೆ ಕಾಲಲ್ಲಿ ಶಕ್ತಿಯೇ ಇರಲಿಲ್ಲ. ಆಮೇಲೆ ಮಿನೆಸೋಟಾ ತಂಡದ ವೈದ್ಯರು ಪರೀಕ್ಷಿಸಿದಾಗ ಹೃದಯದ ಸ್ನಾಯುವಿಗೆ ಉರಿಯೂತ. ಇಡೀ ಸೀಸನ್ ಹೋಯಿತು. ತಿಂಗಳುಗಟ್ಟಲೆ ಮೆಟ್ಟಿಲು ಹತ್ತುವುದೂ ಕಷ್ಟ. ಈಗ ಎನ್‌ಎಚ್‌ಎಲ್‌ನಲ್ಲಿ ಆಡುತ್ತಿದ್ದಾನೆ, ಅದು ಬೇರೆ ಮಾತು. "ಚಿಕ್ಕ ವಯಸ್ಸಿನವರಿಗೆ ಏನೂ ಆಗಲ್ಲ" ಅಂತ ಮೇಲಿನ ಕಾಮೆಂಟಿನಲ್ಲಿ ಬರೆದವರು ಇದನ್ನು ಓದಬೇಕು.

2021ರ ಫೆಬ್ರವರಿ 8ರಿಂದ ನಮ್ಮಲ್ಲಿ ಹತ್ತು ಜನ ಮೀರದ ಹಾಗೆ ಮಕ್ಕಳ ಅಭ್ಯಾಸಕ್ಕೆ ಬಿಟ್ಟರು. ಪಂದ್ಯ ಇಲ್ಲ. ಅಷ್ಟರಲ್ಲಿ ಖಾಲಿ ರೋಜರ್ಸ್ ಪ್ಲೇಸ್‌ನಲ್ಲಿ ಆಯ್ಲರ್ಸ್ ತಂಡದ ಮೆಕ್‌ಡೇವಿಡ್ ಗೋಲು ಮೇಲೆ ಗೋಲು ಹೊಡೆಯುತ್ತಿದ್ದರು. 56 ಪಂದ್ಯಗಳಲ್ಲಿ 105 ಪಾಯಿಂಟ್ (ಹೊಡೆದ ಗೋಲು, ಗೋಲಿಗೆ ಕೊಟ್ಟ ನೆರವು ಎರಡೂ ಸೇರಿ). ಮನೆಯಲ್ಲಿ ಬಂಧಿಯಾಗಿದ್ದ ಮಕ್ಕಳಿಗೆ ವಾರದಲ್ಲಿ ಎರಡು ಮೂರು ಸಂಜೆ ಕಾಯುವುದಕ್ಕೆ ಏನೋ ಒಂದು ಇತ್ತು. ಅದನ್ನೂ ಸುಳ್ಳು ಅನ್ನಲಾರೆ. ನಮ್ಮ ಮನೆಯಲ್ಲಿ ಹಾಕಿ ಶುರುವಾದದ್ದೇ ಆ ಚಳಿಗಾಲದಲ್ಲಿ. ಕಮ್ಯೂನಿಟಿ ಲೀಗ್‌ನ ಹೊರಾಂಗಣ ರಿಂಕ್‌ಗೆ ಹೋಗುವ ಅಭ್ಯಾಸವೂ ಆಗಲೇ ಬಂತು.

ಲಸಿಕೆ ವಿಷಯದಲ್ಲಿ ಕ್ಯಾಲ್ಗರಿಯ ಒಂದು ಹಳೆಯ ಕಥೆ ಇದೆ, ಮಗಳ ಕ್ಲಾಸಿನವರಿಗೆ ಖಂಡಿತ ಗೊತ್ತಿರಲ್ಲ. 2009ರಲ್ಲಿ ಎಚ್1ಎನ್1 ಬಂದಾಗ ಸಾವಿರಾರು ಜನ ಗಂಟೆಗಟ್ಟಲೆ ಕ್ಯೂ ನಿಂತಿದ್ದರು. ಕ್ಯಾಲ್ಗರಿಯ ಎನ್‌ಎಚ್‌ಎಲ್ ತಂಡ ಫ್ಲೇಮ್ಸ್‌ನ ಆಟಗಾರರಿಗೂ ಮನೆಯವರಿಗೂ ಬೇರೆಯೇ ಕ್ಲಿನಿಕ್ ಮಾಡಿ ಲಸಿಕೆ ಹಾಕಿದರು. ಸುದ್ದಿ ಹೊರಬಿತ್ತು, ಊರೆಲ್ಲ ಬೈದರು, ಆರೋಗ್ಯ ಸೇವೆಯ ಅಧಿಕಾರಿಗಳು ಕೆಲಸ ಕಳೆದುಕೊಂಡರು. ಆಟ ನಡೆಸುವುದನ್ನು ಜನ ಸಹಿಸುತ್ತಾರೆ, ಕ್ಯೂ ಮುರಿಯುವುದನ್ನು ಸಹಿಸುವುದಿಲ್ಲ. ಕೋವಿಡ್ ಸಮಯದಲ್ಲಿ ಲೀಗ್ ಪರೀಕ್ಷೆಗಳನ್ನು ತನ್ನ ಖರ್ಚಿನಲ್ಲೇ ಖಾಸಗಿಯಾಗಿ ಮಾಡಿಸಿದ್ದಕ್ಕೆ ಇದೂ ಒಂದು ಕಾರಣ ಅಂತ ನನ್ನ ಊಹೆ.

ಇನ್ನೂ ಹಳೆಯದು ಬೇಕಿದ್ದರೆ 1919. ಸ್ಪ್ಯಾನಿಷ್ ಫ್ಲೂ. ಸಿಯಾಟಲ್‌ನಲ್ಲಿ ಸ್ಟ್ಯಾನ್ಲಿ ಕಪ್ ಫೈನಲ್, ಅಲ್ಲಿನ ತಂಡಕ್ಕೂ ಮಾಂಟ್ರಿಯಲ್ ಕೆನೇಡಿಯನ್ಸ್‌ಗೂ. ಸರಣಿ ಸಮ ಸಮ ಇರುವಾಗ ಮಾಂಟ್ರಿಯಲ್ ಆಟಗಾರರು ಒಬ್ಬೊಬ್ಬರೇ ಮಲಗಿದರು. ಏಪ್ರಿಲ್ 1ರ ಕೊನೆಯ ಪಂದ್ಯ ರದ್ದಾಯಿತು. ಏಪ್ರಿಲ್ 5ಕ್ಕೆ ಅವರಲ್ಲೊಬ್ಬರಾದ ಜೋ ಹಾಲ್ ತೀರಿಕೊಂಡರು. ಆ ವರ್ಷ ಕಪ್ ಯಾರಿಗೂ ಇಲ್ಲ. ವಿರೋಧಿಸುವವರು ಮಾತು ಶುರು ಮಾಡಬೇಕಾದದ್ದು ಇಲ್ಲಿಂದ.

ಕೊಡಗಿನ ಗೆಳೆಯರೊಬ್ಬರು ಮೇಲೆ ಬರೆದಿದ್ದಾರೆ, ಕೊಡವ ಕುಟುಂಬಗಳ ಹಾಕಿ ಹಬ್ಬವನ್ನು ಕೋವಿಡ್ ವರ್ಷಗಳಲ್ಲಿ ನಡೆಸಲಿಲ್ಲ, ಯಾರೂ ಸಾಯಲಿಲ್ಲ ಅಂತ. ಸರಿಯೇ. ಆದರೆ ಅದು ಅಜ್ಜ ಮೊಮ್ಮಗ ಒಟ್ಟಿಗೆ ಆಡುವ, ಊರಿಗೆ ಊರೇ ಸೇರುವ ಹಬ್ಬ. ಪ್ರೇಕ್ಷಕರಿಲ್ಲದೆ ಅದನ್ನು ನಡೆಸುವುದರಲ್ಲಿ ಅರ್ಥವೇ ಇಲ್ಲ. 2023ರಲ್ಲಿ ನಾಪೋಕ್ಲುವಿನಲ್ಲಿ ಮತ್ತೆ ಶುರುವಾಯಿತಲ್ಲ. ಟಿವಿಗಾಗಿ ಆಡುವ ಲೀಗ್‌ಗೂ ಅದಕ್ಕೂ ಹೋಲಿಕೆ ಬೇಡ.

ನನ್ನ ಅಭಿಪ್ರಾಯ ಕೇಳಿದರೆ: 2020ರ ಬಬಲ್ ಸರಿ. 2021ರ ಸೀಸನ್ ಒಂದು ಜೂಜು, ಸಾವಿಲ್ಲದೆ ಮುಗಿದದ್ದು ಅದೃಷ್ಟ. ಮಕ್ಕಳ ರಿಂಕ್ ಮುಚ್ಚಿದ್ದು ತಪ್ಪಲ್ಲ, ಆದರೆ ತೆರೆಯುವಾಗ ಅವರನ್ನು ಮೊದಲು ನೆನೆಯಬೇಕಿತ್ತು.

ಮಗಳಿಗೆ ಪರ ಸಿಕ್ಕರೆ ಎದುರಿನವರು ವ್ಯಾಂಕೂವರ್ ಎತ್ತುತ್ತಾರೆ. ಅದೇ ಲೀಗ್, ಒಂದೇ ಊರಿನಲ್ಲಿ ಇದ್ದಾಗ ಸೊನ್ನೆ ಅಂತ ಹೇಳಲಿ, ಪ್ರಯಾಣವೇ ತೊಂದರೆ ಅಂತ ತೋರಿಸಲಿ. ವಿರೋಧ ಸಿಕ್ಕರೆ ಅವರು 33,174 ಅನ್ನುತ್ತಾರೆ. ಆಗ ಕ್ಲಾಸಿನ ಕಡೆ ತಿರುಗಿ, ಆ ಚಳಿಗಾಲದಲ್ಲಿ ನಿಮ್ಮಲ್ಲಿ ಯಾರಿಗೆ ದಿನಾ ಪರೀಕ್ಷೆ ಮಾಡಿಸಿದರು ಅಂತ ಕೇಳಲಿ.