ಪ್ರಾರ್ಥನೆ ಬೇಕು, ಆದರೆ ವಿಷಯ ಎಲ್ಲರಿಗೂ ಗೊತ್ತಾಗೋದು ಬೇಡ. ಹೇಗೆ ಹೇಳಲಿ?

ಪ್ರಶ್ನೆ (ಹುಬ್ಬಳ್ಳಿಯಿಂದ):
ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ನಮ್ಮದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. ಮದುವೆಯಾಗಿ ಕೆಲವು ವರ್ಷವಾಯ್ತು, ಮಕ್ಕಳಾಗಿಲ್ಲ, ಚಿಕಿತ್ಸೆ ನಡೆಯುತ್ತಿದೆ. ನಮ್ಮ ಅತ್ತೆ ಸಭೆಯ ವಾಟ್ಸಾಪ್ ಗ್ರೂಪಿನಲ್ಲಿ ನನ್ನ ಹೆಸರು, ಡಾಕ್ಟರ್ ಹೇಳಿದ್ದು, ಸ್ಕ್ಯಾನಿಂಗ್ ಯಾವತ್ತು ಅನ್ನೋದನ್ನೂ ಹಾಕಿದ್ದಾರೆ. ಪ್ರೀತಿಯಿಂದಲೇ ಹಾಕಿದ್ದು, ನನಗೆ ಗೊತ್ತು. ಆದರೆ ಈಗ ಭಾನುವಾರ ಆರಾಧನೆ ಮುಗಿದ ಕೂಡಲೇ ಒಬ್ಬರಲ್ಲ ಒಬ್ಬರು ಬಂದು "ಏನಮ್ಮಾ, ವಿಶೇಷ ಏನಾದ್ರೂ ಇದೆಯಾ?" ಅಂತಾರೆ. ಯಾರ ಜೊತೆಗೂ ನಿಂತು ಮಾತಾಡೋಕೆ ಮನಸ್ಸಾಗಲ್ಲ. ನನಗೆ ಪ್ರಾರ್ಥನೆ ಬೇಕೇ ಬೇಕು. ವಿವರ ಹೇಳದಿದ್ದರೆ ಪ್ರಾರ್ಥನೆಗೆ ಬಲ ಇರಲ್ಲ ಅಂತಾರೆ ಅತ್ತೆ. ಅವರಿಗೆ ನೋವಾಗದ ಹಾಗೆ ಹೇಗೆ ಹೇಳೋದು?

ಉತ್ತರ (ಉಡುಪಿಯಿಂದ, ಸ್ತ್ರೀಯರ ಕೂಟ ನೋಡಿಕೊಳ್ಳುವವರು):
ಮಗಳೇ, ಬಲ ಕಡಿಮೆ ಆಗೋದಿಲ್ಲ. ಬೈಬಲಿನಲ್ಲಿ ಅಪೊಸ್ತಲ ಪೌಲನನ್ನೇ ನೋಡು. ಕೊರಿಂಥದವರಿಗೆ ಬರೆದ ಎರಡನೇ ಪತ್ರದ 12ನೇ ಅಧ್ಯಾಯದಲ್ಲಿ ತನ್ನ ಶರೀರದಲ್ಲಿ ಒಂದು ಶೂಲ ನಾಟಿದೆ, ಅದು ಹೋಗಲಿ ಅಂತ ಮೂರು ಸಾರಿ ಬೇಡಿಕೊಂಡೆ ಅನ್ನುತ್ತಾನೆ. ಅದು ಏನು ಅಂತ ಮಾತ್ರ ಹೇಳೋದಿಲ್ಲ. ಕಣ್ಣಿನ ಕಾಯಿಲೆಯೋ ಬೇರೇನೋ ಅಂತ ಓದಿದವರು ಇವತ್ತಿಗೂ ಚರ್ಚೆ ಮಾಡುತ್ತಾರೆ. ಅದೇ ಪೌಲ ರೋಮಾಪುರದವರಿಗೆ, ಯೂದಾಯದಲ್ಲಿ ನನ್ನ ವಿರೋಧಿಗಳಿಂದ ತಪ್ಪಿಸಿಕೊಳ್ಳುವ ಹಾಗೆ ಪ್ರಾರ್ಥಿಸಿ ಅಂತ ಬಿಡಿಸಿ ಬರೆದ. ಎಲ್ಲಿ ಎಷ್ಟು ಹೇಳಬೇಕು ಅನ್ನೋದನ್ನು ಅವನೇ ತೀರ್ಮಾನಿಸಿದ. ನಿನ್ನ ವಿಷಯದಲ್ಲಿ ತೀರ್ಮಾನ ನಿನ್ನದು.

ನಮ್ಮ ಕೂಟದಲ್ಲಿ ಪ್ರಾರ್ಥನೆಯ ವಿಜ್ಞಾಪನೆ ಬರೆಯೋಕೆ ಒಂದು ನೋಟ್‌ಬುಕ್ ಇದೆ. "ಗಟ್ಟಿಯಾಗಿ ಓದಲಾ, ಹೆಸರು ಮಾತ್ರ ಸಾಕಾ?" ಅಂತ ಕೇಳಿಯೇ ಬರೆಯುತ್ತೇನೆ. ಬೇರೆಯವರ ಪರವಾಗಿ ಬರೆಸಿದರೆ, "ಅವರಿಗೆ ಗೊತ್ತಾ?" ಅನ್ನುತ್ತೇನೆ. ಕೆಲವರು "ಒಂದು ಕುಟುಂಬಕ್ಕಾಗಿ" ಅಂತಷ್ಟೇ ಬರೆಸುತ್ತಾರೆ. ಆ ಒಂದು ಸಾಲಿಗೆ ಹೆಂಗಸರು ಕಣ್ಣೀರಿಟ್ಟು ಪ್ರಾರ್ಥಿಸಿದ್ದನ್ನು ನಾನು ನೋಡಿದ್ದೇನೆ.

ಅತ್ತೆಯ ಮನಸ್ಸಿನಲ್ಲೂ ಭಾರ ಇದೆ, ಅದಕ್ಕೇ ಎಲ್ಲರಿಗೂ ಹೇಳುತ್ತಿದ್ದಾರೆ. ನಿನಗೆ ನಂಬಿಕೆಯಿರುವ ಇಬ್ಬರು ಮೂವರನ್ನು ನೀನೇ ಆರಿಸು. "ಅತ್ತೆ, ಇವರಿಗೆ ಮಾತ್ರ ಹೇಳೋಣ. ರಾತ್ರಿ ನೀವೇ ನನ್ನ ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿ" ಅಂತ ಕೇಳು.

ಉತ್ತರ (ಬೆಂಗಳೂರಿನಿಂದ):
ಸಿಸ್ಟರ್, ಯಾಕೋಬನ ಪತ್ರ 5:14 ಓದಿ. ಅಸ್ವಸ್ಥನಾದವನೇ ಸಭೆಯ ಹಿರಿಯರನ್ನು ಕರೆಸಲಿ ಅಂತ ಇದೆ. ಅಂದರೆ ಯಾರಿಗೆ ಹೇಳಬೇಕು ಅನ್ನೋದು ನಿಮ್ಮ ಕೈಯಲ್ಲೇ ಇದೆ. ಇನ್ನೊಂದು ಮಾತು, ಅತ್ತೆಯ ಹತ್ತಿರ ನಿಮ್ಮ ಯಜಮಾನರು ಮಾತಾಡಲಿ. ಅವರ ತಾಯಿ ಅಲ್ವಾ.

ಉತ್ತರ (ಗದಗದಿಂದ):
ಗ್ರೂಪ್ ಪೂರ್ತಿ ಬೇಡ ಅನ್ನಬೇಡಿ. ನಮ್ಮ ತಂದೆಗೆ ಆಪರೇಷನ್ ಆದಾಗ ರಕ್ತದ ಗುಂಪು ಸಮೇತ ಹಾಕಿದ್ದೆವು. ಪರಿಚಯವೇ ಇಲ್ಲದ ಸಭೆಯ ಹುಡುಗರು ಬಂದು ರಕ್ತ ಕೊಟ್ಟರು. ಅಲ್ಲಿ ವಿವರ ಬೇಕಿತ್ತು. ನಿಮ್ಮ ವಿಷಯ ಬೇರೆ, ಅದನ್ನು ಅಯ್ಯನವರಿಗೆ (ಸಭೆಯ ಪಾಸ್ಟರ್‌ಗೆ) ಹೇಳಿ ಗ್ರೂಪಿನಿಂದ ತೆಗೆಸಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ನಮ್ಮ ಮನೆಯವರು ಇವತ್ತೇ ಅತ್ತೆ ಹತ್ತಿರ ಮಾತಾಡುತ್ತಾರೆ. ಅಯ್ಯನವರ ಹೆಂಡತಿಗೆ ನಾನೇ ಹೇಳುತ್ತೇನೆ, ಅವರು ಯಾರಿಗೂ ಹೇಳಲ್ಲ. ಉಡುಪಿ ಆಂಟಿ, ನಿಮ್ಮ ನೋಟ್‌ಬುಕ್ಕಿನಲ್ಲಿ ನಮ್ಮ ಕುಟುಂಬವನ್ನೂ ಬರೆದುಕೊಳ್ಳಿ. ಗುರುವಾರ ಆಸ್ಪತ್ರೆಗೆ ಹೋಗಬೇಕು.