ಫ್ಯಾಬ್1: ಸಮಯುಗ್ಮಜ (ಜೀನಿನ ಎರಡೂ ಪ್ರತಿ ಕೆಟ್ಟಿರುವ) ಗಿಡ ಒಂದೂ ಸಿಗುತ್ತಿಲ್ಲ. ಪಿಸಿಆರ್ (ಡಿಎನ್‌ಎ ತುಣುಕನ್ನು ನಕಲಿಸಿ ಗುರುತಿಸುವ ಪರೀಕ್ಷೆ) ದೋಷವೇ, ಭ್ರೂಣವೇ ಸಾಯುತ್ತಿದೆಯೇ?

ಎಲೆಹಸಿರು:
ಅರಾಬಿಡೋಪ್ಸಿಸ್ ಎಂಬ ಪ್ರಯೋಗಾಲಯದ ಗಿಡದ ಫ್ಯಾಬ್1 ಜೀನಿನೊಳಗೆ ಟಿ-ಡಿಎನ್‌ಎ (ಜೀನನ್ನು ಕೆಡಿಸಲು ಸೇರಿಸುವ ಹೊರಗಿನ ಡಿಎನ್‌ಎ ತುಂಡು) ಸೇರಿಕೊಂಡಿರುವ ತಳಿಯೊಂದನ್ನು ಬೆಳೆಸುತ್ತಿದ್ದೇನೆ. ಈ ಜೀನಿನಿಂದ ಬರುವ ಕೆಎಎಸ್-2 ಕಿಣ್ವ 16 ಇಂಗಾಲದ ಕೊಬ್ಬಿನಾಮ್ಲ ಸರಪಳಿಯನ್ನು 18ಕ್ಕೆ ಉದ್ದ ಮಾಡುತ್ತದೆ. ವಿಷಮಯುಗ್ಮಜ (ಒಂದು ಪ್ರತಿ ಮಾತ್ರ ಕೆಟ್ಟಿರುವ) ಗಿಡದ ಬೀಜ ಬಿತ್ತಿ, ಎಲೆಯ ಡಿಎನ್‌ಎ ತೆಗೆದು ನೋಡಿದರೆ ಕೆಲವು ವನ್ಯ ಮಾದರಿ (ಎರಡೂ ಪ್ರತಿ ಸರಿಯಿರುವವು), ಉಳಿದವೆಲ್ಲ ವಿಷಮಯುಗ್ಮಜ. ಪ್ರೈಮರ್ (ಪಿಸಿಆರ್ ಆರಂಭಿಸುವ ಕಿರು ಡಿಎನ್‌ಎ) ಬದಲಿಸಿದೆ, ಅದು ಅಂಟುವ ತಾಪಮಾನವನ್ನೂ ಇಳಿಸಿದೆ. ಫ್ಯಾಬ್1-1 ಎಂಬ ಹಳೆಯ ಉತ್ಪರಿವರ್ತಿತ (ಜೀನು ಬದಲಾದ ತಳಿ) ಸಮಯುಗ್ಮಜವಾಗಿಯೇ ಬದುಕುತ್ತದಲ್ಲ, ನನ್ನದಕ್ಕೆ ಏನಾಗಿದೆ?

ಟಾರ್ಪಿಡೊ:
ಪಿಸಿಆರ್ ಯಂತ್ರವನ್ನು ಬಿಟ್ಟು ಸೂಕ್ಷ್ಮದರ್ಶಕದ ಮುಂದೆ ಕುಳಿತುಕೊಳ್ಳಿ. ಮೊಳೆಯದೇ ಹೋದದ್ದನ್ನು ಮೊಳೆತ ಗಿಡಗಳಲ್ಲಿ ಹುಡುಕಿದರೆ ಎಲ್ಲಿಂದ ಸಿಗಬೇಕು? ವಿಷಮಯುಗ್ಮಜ ಗಿಡದಲ್ಲಿ ಇನ್ನೂ ಹಸಿರಾಗಿರುವ ಕಾಯಿಯನ್ನು ಅಂಚಿನುದ್ದಕ್ಕೂ ಸೂಜಿಯಿಂದ ಸೀಳಿ ಬಿಡಿಸಿ. ಹಸಿರು ಬೀಜಗಳ ನಡುವೆ ಬಿಳಿಚಿದವು ಕಾಲು ಭಾಗದಷ್ಟಿದ್ದು, ಕಾಯಿಯ ಉದ್ದಕ್ಕೂ ಚದುರಿಕೊಂಡಿದ್ದರೆ ಭ್ರೂಣಮಾರಕವೆಂದೇ ಹಿಡಿಯಬಹುದು. ಅವು ಒಂದೇ ತುದಿಯಲ್ಲಿ ಹೆಚ್ಚಾಗಿದ್ದರೆ ಪರಾಗದಲ್ಲೂ ತೊಂದರೆ ಇದೆಯೇ ಎಂದು ಅನುಮಾನಿಸಬೇಕು.

ಫ್ಯಾಬ್1-1ರ ಜೊತೆ ಹೋಲಿಕೆ ಬೇಡ. ಅದರಲ್ಲಿ ಕಿಣ್ವ ಕುಂಟುತ್ತದೆ, ಪೂರ್ತಿ ನಿಂತಿಲ್ಲ. ಹಾಗಿದ್ದೂ 2 ಡಿಗ್ರಿ ಸೆಲ್ಸಿಯಸ್‌ನಲ್ಲಿ ವಾರಗಟ್ಟಲೆ ಇಟ್ಟರೆ ಆ ಗಿಡ ಸಾಯುತ್ತದೆ. ಜೀನು ಸಂಪೂರ್ಣ ಕೆಟ್ಟಿರುವ ಫ್ಯಾಬ್1-2ರ ಸಮಯುಗ್ಮಜ ಭ್ರೂಣ ಟಾರ್ಪಿಡೊ ಹಂತಕ್ಕೆ (ಭ್ರೂಣ ನೀಳವಾಗುವ ಹಂತ) ಮುನ್ನವೇ ಸಾಯುತ್ತದೆ ಎಂಬುದು 2007ರಲ್ಲೇ ಪ್ರಕಟವಾಗಿದೆ. (ನನ್ನ ಬಳಕೆದಾರ ಹೆಸರಿಗೂ ಇದಕ್ಕೂ ಸಂಬಂಧವಿಲ್ಲ!)

ಎಲೆಹಸಿರು:
200 ಬೀಜಗಳಲ್ಲಿ 46 ಬಿಳಿ, ಚದುರಿಕೊಂಡೇ ಇವೆ. ಆದರೆ 16 ಇಂಗಾಲದ ಆಮ್ಲವಂತೂ ತಯಾರಾಗುತ್ತಲೇ ಇರುತ್ತದಲ್ಲವೇ? ಎಣ್ಣೆ ಸಾಲದೆ ಸಾಯುತ್ತದೆಯೇ?

ಟಾರ್ಪಿಡೊ:
ನಿರೀಕ್ಷೆ 50, ಸಿಕ್ಕಿದ್ದು 46. ಕೈ-ವರ್ಗ (ನಿರೀಕ್ಷೆಗೂ ಎಣಿಕೆಗೂ ಇರುವ ಅಂತರದ ಅಳತೆ) 0.43 ಬರುತ್ತದೆ, 3.84ರ ಮಿತಿಗಿಂತ ಬಹಳ ಕೆಳಗೆ, ಅಂದರೆ ಎಣಿಕೆ ಕಾಲು ಭಾಗಕ್ಕೆ ಹೊಂದುತ್ತದೆ.

ಎಣ್ಣೆಯ ಕೊರತೆ ಕಾರಣವಲ್ಲ. ರಿಂಕಲ್ಡ್1 ಎಂಬ ಇನ್ನೊಂದು ಉತ್ಪರಿವರ್ತಿತದಲ್ಲಿ ಬೀಜದ ಎಣ್ಣೆ ಸುಮಾರು 80% ಇಳಿದು ಬೀಜ ಸುಕ್ಕುಗಟ್ಟಿದರೂ ಗಿಡ ಬರುತ್ತದೆ. ಇಲ್ಲಿ ಕೈಕೊಡುವುದು ಕೋಶದ ಪೊರೆ. ಪೊರೆಗೆ ಬೇಕಾದ ಒಲಿಯೇಟ್, ಲಿನೊಲಿಯೇಟ್, ಲಿನೊಲೆನೇಟ್ ಮೂರೂ 18 ಇಂಗಾಲದವು, ಮೂರಕ್ಕೂ ದಾರಿ ಕೆಎಎಸ್-2ರ ಮೂಲಕವೇ. ಟಾರ್ಪಿಡೊ ಹಂತದತ್ತ ಸಾಗುವಾಗ ಬೀಜದಳಗಳು ನೀಳವಾಗತೊಡಗುತ್ತವೆ, ಕ್ಲೋರೊಪ್ಲಾಸ್ಟ್ ಒಳಗೆ ಪೊರೆಯ ಪದರಗಳು ಹೆಚ್ಚುತ್ತವೆ. ಬೇಡಿಕೆ ಏರುವ ಆ ಹೊತ್ತಿನಲ್ಲೇ ಕೊರತೆ ಬಯಲಾಗುತ್ತದೆ ಎಂಬುದು ನನ್ನ ಊಹೆ. ಯಾವ ಕಿಣ್ವ ಕೆಟ್ಟಿದೆ ಎಂಬುದರ ಮೇಲೆ ಪೆಟ್ಟಿನ ಬಗೆಯೂ ಬದಲಾಗುತ್ತದೆ. ಕೋಶದ್ರವದ ಎಸಿಸಿ1 ಕಿಣ್ವ ಕೆಟ್ಟರೆ ಅತಿ ಉದ್ದದ ಸರಪಳಿಗಳಿಗೆ ಬೇಕಾದ ಮಲೊನಿಲ್-ಕೋಎ ಎಂಬ ಕಚ್ಚಾವಸ್ತು ಸಿಗದೆ ಬೀಜದಳಗಳೇ ಸರಿಯಾಗಿ ಮೂಡುವುದಿಲ್ಲ.

ಹಳೆಯಬೀಜ:
ಒಂದು ತಕರಾರು. 46ರ ಲೆಕ್ಕ ಸರಿ, ಆದರೆ ಸಾಯಿಸುತ್ತಿರುವುದು ಫ್ಯಾಬ್1 ಎಂದು ಅದರಿಂದ ಸಿದ್ಧವಾಗುವುದಿಲ್ಲ. ಪಕ್ಕದಲ್ಲೇ ಇನ್ನೊಂದು ಟಿ-ಡಿಎನ್‌ಎ ಕುಳಿತಿರಬಹುದು. ಬಿಳಿ ಬೀಜದ ಡಿಎನ್‌ಎ ನೋಡಿ, ಆದರೆ ಇಡೀ ಬೀಜವನ್ನು ಅರೆಯಬೇಡಿ. ಬೀಜಕವಚ ತಾಯಿಯ ಅಂಗಾಂಶ. ಅದು ಸೇರಿದರೆ ಪ್ರತಿ ಬೀಜವೂ ವಿಷಮಯುಗ್ಮಜವಾಗಿಯೇ ಕಾಣುತ್ತದೆ. ಕವಚ ಬಿಡಿಸಿ, ಭ್ರೂಣವನ್ನು ತೊಳೆದು ನಂತರ ಪಿಸಿಆರ್ ಮಾಡಿ. ಕನಾಮೈಸಿನ್ (ಟಿ-ಡಿಎನ್‌ಎ ಇಲ್ಲದ ಮೊಳಕೆಗಳನ್ನು ಕೊಲ್ಲುವ ಪ್ರತಿಜೀವಕ) ತಟ್ಟೆಯಲ್ಲಿ ಬದುಕಿದ ಮತ್ತು ಸತ್ತ ಮೊಳಕೆಗಳು 3:1ರ ಬದಲು 2:1 ಬಂದರೆ ಒಳ್ಳೆಯದೇ, ಆದರೆ ಎಷ್ಟೋ ತಳಿಗಳಲ್ಲಿ ಆ ನಿರೋಧಕ ಜೀನು ಮೌನವಾಗಿರುತ್ತದೆ. ಅದೊಂದನ್ನೇ ನಂಬಿ ಕೂರಬೇಡಿ. ಕೊನೆಯ ಸಾಕ್ಷಿ ಬೇಕೆಂದರೆ ಸರಿಯಾದ ಫ್ಯಾಬ್1 ಜೀನನ್ನು ಮರಳಿ ಸೇರಿಸಿ, ಬಿಳಿ ಬೀಜಗಳು ಕಡಿಮೆಯಾಗುತ್ತವೆಯೇ ನೋಡಬೇಕು.

ಎಲೆಹಸಿರು:
ಕವಚ ತೆಗೆದ ಬಿಳಿ ಭ್ರೂಣದಲ್ಲಿ ಟಿ-ಡಿಎನ್‌ಎ ಬ್ಯಾಂಡ್ (ಪಿಸಿಆರ್ ಫಲಿತಾಂಶದ ಪಟ್ಟಿ) ಮಾತ್ರ ಬಂತು. ಕವಚಸಹಿತ ಅರೆದದ್ದರಲ್ಲಿ ಟಿ-ಡಿಎನ್‌ಎ, ಸರಿ ಜೀನು ಎರಡರ ಬ್ಯಾಂಡೂ. ಜೀನನ್ನು ಮರಳಿ ಸೇರಿಸಲು ಅದರದೇ ಪ್ರೊಮೋಟರ್ (ಜೀನನ್ನು ಚಾಲೂ ಮಾಡುವ ಭಾಗ) ಬಳಸಲೇ, ಅಥವಾ ಸಾಮಾನ್ಯವಾಗಿ ಬಳಸುವ 35ಎಸ್ ಪ್ರೊಮೋಟರ್ ಸಾಕೇ?

ಹಳೆಯಬೀಜ:
ಅದರದೇ ಇರಲಿ. ಎಳೆಯ ಭ್ರೂಣದಲ್ಲಿ 35ಎಸ್ ನಂಬಿಕೆಗೆ ಯೋಗ್ಯವಲ್ಲ.